ಆಗಸವಿಲ್ಲದ ಮರುಭೂಮಿ

ಮರುಭೂಮಿಯ ಚಿತ್ರ ಎಂದೊಡನೆ ಕಣ್ಣ ಮುಂದೆ ನಿಲ್ಲುವ ನೋಟ ಸಾಮಾನ್ಯವಾಗಿ ಒಂದೇ: ಕೆಳಗೆ ಮರಳದಿಬ್ಬಗಳ ಕಪ್ಪು ಗೆರೆ, ಮೇಲೆ ಕಿತ್ತಳೆ, ಗುಲಾಬಿ, ನೇರಳೆಯಾಗಿ ಹರಡಿದ ಬೆಳಗು. ಅಕ್ರಿಲಿಕ್ ಕಲಿಯಲು ಕೂತವರು ಬಹುಬೇಗ ಈ ಚಿತ್ರಕ್ಕೆ ಕೈಹಾಕುತ್ತಾರೆ. ಆದರೆ ಈ ಬಣ್ಣದ ಸ್ವಭಾವ ಈ ನೋಟಕ್ಕೆ ಸುಲಭವಾಗಿ ಒಗ್ಗುವಂಥದ್ದಲ್ಲ. ಅಕ್ರಿಲಿಕ್‌ನಲ್ಲಿ ಪ್ಲಾಸ್ಟಿಕ್ ಜಾತಿಯ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒಂದಕ್ಕೊಂದು ಬೆಸೆದು ಪೊರೆಗಟ್ಟುತ್ತವೆ. ಆಮೇಲೆ ನೀರು ಸುರಿದರೂ ಕರಗುವುದಿಲ್ಲ. ಬೆಳಗಿನ ಆಗಸಕ್ಕೆ ಬೇಕಾದದ್ದು ಒಂದು ಬಣ್ಣ ಹಸಿಯಿರುವಾಗಲೇ ಇನ್ನೊಂದರೊಳಗೆ ಸೇರಿಹೋಗುವಷ್ಟು ಬಿಡುವು. ಮರುಭೂಮಿಯ ಒಣಗಾಳಿ ಆ ಬಿಡುವನ್ನೇ ಕಸಿದುಕೊಳ್ಳುತ್ತದೆ. ಹಾಗಾಗಿ ಅಕ್ರಿಲಿಕ್ ಮರುಭೂಮಿಯಲ್ಲಿ ನಿಜವಾಗಿ ಬೇರುಬಿಟ್ಟದ್ದು ಆಗಸವೇ ಇಲ್ಲದ ಚಿತ್ರಗಳಲ್ಲಿ, ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕೈಯಲ್ಲಿ, ಎಂಬುದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ.

ಆ ನೆಲದ ಬೆಳಗನ್ನೂ ಬೆಟ್ಟಗಳನ್ನೂ ಬರೆದವರು ಮೊದಲೇ ಇದ್ದರು. ಹರ್ಮನ್ಸ್‌ಬರ್ಗ್‌ನ ಮೂಲನಿವಾಸಿ ಆಲ್ಬರ್ಟ್ ನಮಾಜಿರ 1936ರಲ್ಲಿ ರೆಕ್ಸ್ ಬ್ಯಾಟರ್ಬಿ ಎಂಬ ಕಲಾವಿದರ ಜೊತೆ ಅಲೆದು ಜಲವರ್ಣ ಕಲಿತರು. 1938ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ಪ್ರದರ್ಶನ ನಡೆಯಿತು. ಬಿಳಿಕಾಂಡದ ಮರ, ಹಿಂದೆ ನೀಲಿ ನೇರಳೆ ಬೆಟ್ಟ, ತಿಳಿ ಆಗಸ: ನಗರದ ಮನೆಗಳ ಗೋಡೆಗಳಿಗೆ ಮರುಭೂಮಿ ಬಂದದ್ದು ಅವರಿಂದ. 1957ರಲ್ಲಿ ಅವರಿಗೆ ಪೌರತ್ವದ ಹಕ್ಕು ಸಿಕ್ಕಿತು. ಮರುವರ್ಷವೇ, ಆ ಹಕ್ಕಿಲ್ಲದ ತಮ್ಮವರಿಗೆ ಮದ್ಯ ಕೊಟ್ಟರೆಂದು ಶಿಕ್ಷೆಯಾಯಿತು. ಆ ಶಿಕ್ಷೆಯನ್ನು ಅವರು ಅನುಭವಿಸಿದ್ದು ಪಾಪುನ್ಯಾ ಎಂಬ ಸರ್ಕಾರಿ ವಸತಿಯಲ್ಲಿ. ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, 1959ರಲ್ಲಿ, ತೀರಿಕೊಂಡರು.

ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿ.ಮೀ. ದೂರದ ಅದೇ ಪಾಪುನ್ಯಾದಲ್ಲಿ 1971ರಲ್ಲಿ ಇನ್ನೊಂದು ಬಗೆಯ ಚಿತ್ರಕಲೆ ಹುಟ್ಟಿತು. ಪಿಂಟುಪಿ, ಲುರಿಚಾ, ವಾರ್ಲ್‌ಪಿರಿ ಮುಂತಾದ ಜನರನ್ನು ತಂದು ಒಟ್ಟಿಗೆ ಇರಿಸಿದ್ದ ಊರು ಅದು. ಶಾಲೆಯ ಶಿಕ್ಷಕ ಜೆಫ್ರಿ ಬಾರ್ಡನ್ ಅವರ ಪ್ರೋತ್ಸಾಹದಿಂದ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಪುರಾಣವನ್ನು ಬರೆದರು. ಬಳಿಕ ಕೈಗೆ ಸಿಕ್ಕ ಹಲಗೆ ಚೂರುಗಳ ಮೇಲೆ ಬರೆಯತೊಡಗಿದರು. 1972ರಲ್ಲಿ ಕಲಾವಿದರದೇ ಸಂಸ್ಥೆ ಪಾಪುನ್ಯಾ ತುಲಾ ನಿಂತಿತು. ಅವರಿಗೆ ಚಿತ್ರ ಹೊಸದಲ್ಲ. ಆಚರಣೆಗಳಲ್ಲಿ ಮೈಮೇಲೆ, ನೆಲದ ಮೇಲೆ ಕೆಮ್ಮಣ್ಣು, ಇದ್ದಿಲು, ಗಿಡದ ಅರಳೆಯಿಂದ ಬರೆದು, ಮುಗಿದ ಮೇಲೆ ಅಳಿಸಿಬಿಡುತ್ತಿದ್ದರು. ನೆಲದ ಚಿತ್ರಕ್ಕೆ ಮೇಲು ಕೆಳಗೆಂಬುದಿಲ್ಲ, ದಿಗಂತವೂ ಇಲ್ಲ. ಒಂದರೊಳಗೊಂದು ಬರೆದ ವೃತ್ತಗಳು ನೀರಿನ ತಾಣವೋ ಬಿಡಾರವೋ. ಕುದುರೆಲಾಳದಂಥ ಗುರುತು ಕುಳಿತ ಮನುಷ್ಯ, ಅವನ ಮೈಯೊತ್ತು ಮರಳಿನಲ್ಲಿ ಮೂಡಿದಂತೆ. ಕ್ಯಾನ್ವಾಸ್ ಬಂದಾಗ ಅದನ್ನೂ ನೆಲಕ್ಕೆ ಹಾಸಿ ಸುತ್ತ ಕುಳಿತರು. ಕೆಂಪು ಅಥವಾ ಕಪ್ಪು ತಳಬಣ್ಣ ಸ್ವಲ್ಪ ಹೊತ್ತಿನಲ್ಲೇ ಆರುತ್ತದೆ. ಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ ಚುಕ್ಕೆಯ ಪಕ್ಕ ಚುಕ್ಕೆ ಇಟ್ಟರೆ ಪ್ರತಿಯೊಂದೂ ಸ್ವಲ್ಪ ಉಬ್ಬಿ, ಕದಡದೆ ನಿಲ್ಲುತ್ತದೆ. ಎಣ್ಣೆಬಣ್ಣವಾಗಿದ್ದರೆ ಆರಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ಕೆಂಧೂಳೆಲ್ಲ ಅಂಟಿಕೊಂಡಿರುತ್ತದೆ. ಆಗಸಕ್ಕೆ ಅಡ್ಡಿಯಾಗುವ ಗುಣವೇ ಇಲ್ಲಿ ವರವಾಯಿತು.

ಇದೆಲ್ಲ ಬಿಳಿಯ ಶಿಕ್ಷಕನೂ ಪೇಟೆಯೂ ಸೇರಿ ಹುಟ್ಟಿಸಿದ್ದು, ಕಾರ್ಖಾನೆಯ ಬಣ್ಣದಿಂದ ಹಳೆಯ ವಿದ್ಯೆ ಕೆಟ್ಟಿತು ಎನ್ನುವವರಿದ್ದಾರೆ. ಬಾರ್ಡನ್ 1972ರಲ್ಲೇ ಹೊರಟುಹೋದರು, ಚಿತ್ರ ನಿಲ್ಲಲಿಲ್ಲ ಎಂಬುದು ಮೊದಲ ಉತ್ತರ. ಅದಕ್ಕಿಂತ ಗಟ್ಟಿ ಸಾಕ್ಷ್ಯ ಚಿತ್ರಗಳಲ್ಲೇ ಇದೆ. ಮೊದಮೊದಲ ಹಲಗೆಗಳಲ್ಲಿ ದೀಕ್ಷೆಯಿಲ್ಲದವರು ನೋಡಬಾರದ ವಸ್ತುಗಳು ಬಯಲಾಗಿದ್ದವು. ಬೇರೆ ಊರುಗಳ ಹಿರಿಯರು ಸಿಟ್ಟಾದರು. ಆಗ ಕಲಾವಿದರು ಆ ರೂಪಗಳನ್ನು ಕೈಬಿಟ್ಟರು, ಚುಕ್ಕೆಗಳ ಹಾಸು ದಟ್ಟವಾಯಿತು. ಪೇಟೆಯೊಂದೇ ಒಡೆಯನಾಗಿದ್ದರೆ ಗುಟ್ಟು ಇನ್ನಷ್ಟು ಮಾರಾಟವಾಗುತ್ತಿತ್ತೇ ಹೊರತು ಮುಚ್ಚಿಕೊಳ್ಳುತ್ತಿರಲಿಲ್ಲ. ಪೇಟೆ ಅನ್ಯಾಯ ಮಾಡಿಲ್ಲವೆಂದು ಮಾತ್ರ ನಾನು ಹೇಳಲಾರೆ. ಪಾಪುನ್ಯಾ ತುಲಾದ ಕಲಾವಿದ ಕ್ಲಿಫರ್ಡ್ ಪಾಸಮ್ ಜಾಪಾಲ್ಜಾರಿ 1977ರಲ್ಲಿ ಬರೆದ ‘ವಾರ್ಲುಗುಲಾಂಗ್’ ಆಗ 1,200 ಡಾಲರಿಗೆ ಹೋಗಿತ್ತು. 2007ರ ಹರಾಜಿನಲ್ಲಿ 24 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಮಾರಾಟವಾಯಿತು. ಬರೆದವರು 2002ರಲ್ಲೇ ತೀರಿಕೊಂಡಿದ್ದರು. ಮರುಮಾರಾಟದಲ್ಲಿ ಕಲಾವಿದರಿಗೆ ಶೇಕಡ 5 ಪಾಲು ಕೊಡುವ ಕಾನೂನು ಜಾರಿಯಾದದ್ದು 2010ರಲ್ಲಿ. ಅದು ಪೇಟೆಯ ದೋಷ, ಬಣ್ಣದ್ದಲ್ಲ.

ಇನ್ನೊಂದು ಆಕ್ಷೇಪ: ಚುಕ್ಕೆ, ವೃತ್ತಗಳ ಈ ಹೆಣಿಗೆ ಅಂದವಾಗಿರಬಹುದು, ಇದನ್ನು ಭೂದೃಶ್ಯ ಎನ್ನುವುದು ಹೇಗೆ? ನನ್ನ ಮಟ್ಟಿಗೆ ಸೂರ್ಯೋದಯದ ಚಿತ್ರಕ್ಕಿಂತ ಇದೇ ಹೆಚ್ಚು ನೆಲದ ಚಿತ್ರ. ಬೆಳಗಿನ ಆಗಸವನ್ನು ದಾರಿಹೋಕನೂ ಬರೆಯಬಲ್ಲ. ಯಾವ ಬಂಡೆಯ ಕೆಳಗೆ ನೀರಿದೆ, ಅದನ್ನು ಕಾಯುವ ಹಕ್ಕು ಯಾರದು ಎಂಬುದು ಅಲ್ಲಿ ನಡೆದಾಡಿದವರಿಗೆ ಮಾತ್ರ ಗೊತ್ತು. 1997ರಲ್ಲಿ ಗ್ರೇಟ್ ಸ್ಯಾಂಡಿ ಮರುಭೂಮಿಯ 40ಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 10 ಮೀಟರ್ ಉದ್ದ, 8 ಮೀಟರ್ ಅಗಲದ ಕ್ಯಾನ್ವಾಸಿನ ಮೇಲೆ ತಮ್ಮ ನಾಡನ್ನು ಅಕ್ರಿಲಿಕ್‌ನಲ್ಲಿ ಬರೆದರು. ಭೂಮಿಯ ಹಕ್ಕಿನ ವಿಚಾರಣೆಗೆ ಬಂದ ಅಧಿಕಾರಿಗಳ ಎದುರು ಅದನ್ನು ಹಾಸಿ, ತಂತಮ್ಮ ನೀರಿನ ತಾಣದ ಮೇಲೆ ನಿಂತು ತಮ್ಮ ತಮ್ಮ ಭಾಷೆಯಲ್ಲಿ ಸಾಕ್ಷ್ಯ ನುಡಿದರು. ಹತ್ತು ವರ್ಷಗಳ ಬಳಿಕ, 2007ರಲ್ಲಿ, ಸುಮಾರು 77 ಸಾವಿರ ಚದರ ಕಿ.ಮೀ. ನೆಲದ ಮೇಲೆ ಅವರ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿತು.