ವೃದ್ಧರ ಆರೈಕೆ ಮತ್ತು ವೈಯಾವೃತ್ತ್ಯ

ನಮ್ಮ ದುಂಡಸಿಯಿರುವ ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ ಇತಿಹಾಸಪ್ರಸಿದ್ಧ ಬಂಕಾಪುರವಿದೆ. ಗಂಗ ಅರಸನಾದ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ರಾಜ್ಯವನ್ನು ತ್ಯಜಿಸಿ, ಇಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಸ್ತಂಭಶಾಸನವು ತಿಳಿಸುತ್ತದೆ. ಅರಸನ ವೈರಾಗ್ಯವನ್ನು ನಾವು ಸ್ಮರಿಸುತ್ತೇವೆ. ಅಂಥ ವ್ರತಿಯ ಬಳಿಯಿದ್ದು ಸೇವೆ ಮಾಡುವವರ ಕರ್ತವ್ಯವನ್ನು ನೆನೆಯುವುದು ಕಡಿಮೆ.

ಶಿವಾರ್ಯರ ಪ್ರಾಕೃತ ಗ್ರಂಥವಾದ 'ಭಗವತೀ ಆರಾಧನೆ'ಯು ಈ ಕರ್ತವ್ಯವನ್ನು ಸವಿಸ್ತಾರವಾಗಿ ವಿಧಿಸಿದೆ. ವ್ರತನಿರತನಾದ ಕ್ಷಪಕನಿಗೆ 48 ನಿರ್ಯಾಪಕರು. ನಾಲ್ವರಿಗೆ ಒಂದೊಂದು ಕೆಲಸ. ಎಬ್ಬಿಸಿ ಕೂರಿಸಿ ಮಗ್ಗುಲು ಬದಲಿಸಲು ನಾಲ್ವರು, ಧರ್ಮವನ್ನು ಹೇಳಲು ನಾಲ್ವರು, ಆಹಾರದ ವ್ಯವಸ್ಥೆಗೆ ನಾಲ್ವರು, ಪಾನಕ್ಕೆ ನಾಲ್ವರು, ಮಲಮೂತ್ರಗಳ ಶುದ್ಧಿಗೆ ನಾಲ್ವರು, ರಾತ್ರಿ ಎಚ್ಚರವಿರಲು ನಾಲ್ವರು—ಹೀಗೆ. ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದರೆ ಆತನು ತನ್ನ ಆಹಾರ ನಿದ್ರೆಗಳನ್ನಾದರೂ ಬಿಡಬೇಕಾಗುತ್ತದೆ, ಇಲ್ಲವೇ ಕ್ಷಪಕನನ್ನಾದರೂ ಕೈಬಿಡಬೇಕಾಗುತ್ತದೆ ಎಂಬುದು ಇದರ ತಾತ್ಪರ್ಯ.

ಸಲ್ಲೇಖನವು ವ್ರತ, ರೋಗಿಯ ಚಿಕಿತ್ಸೆ ಬೇರೆ. ಇವೆರಡನ್ನು ಬೆರೆಸಲಾಗದು. ಆದರೆ ತತ್ತ್ವಾರ್ಥಸೂತ್ರವು ಅಂತರಂಗ ತಪಸ್ಸೆಂದು ಗಣಿಸಿದ ವೈಯಾವೃತ್ತ್ಯದಲ್ಲಿ 'ಗ್ಲಾನ', ಅಂದರೆ ರೋಗಪೀಡಿತ ಮುನಿಯ ಸೇವೆಯೂ ಸೇರಿದೆ. ಮುನಿಗಳಿಗಾಗಿ ಹೇಳಿದ ಈ ವಿವೇಕವು ಗೃಹಸ್ಥರಾದ ನಮಗೂ ಪಾಠವಾಗಬೇಕು.

ಇಂದು ನಮ್ಮ ಮನೆಗಳನ್ನು ನೋಡೋಣ. ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ಸೊಸೆಯೊಬ್ಬಳೇ ಹಗಲಿರುಳು ನೋಡಿಕೊಳ್ಳುತ್ತಾಳೆ. ಮಕ್ಕಳು ಊರ ಹೊರಗೆ. ನಾವು ಅವಳನ್ನು ಹೊಗಳಿ ಸುಮ್ಮನಾಗುತ್ತೇವೆ. ಶಾಸ್ತ್ರವು ಬೇಡವೆಂದ ಸ್ಥಿತಿ ಇದೇ ಅಲ್ಲವೇ?

ಕೇಂದ್ರ ಸರ್ಕಾರವು 2010–11ರಲ್ಲಿ ವೃದ್ಧರಿಗಾಗಿ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ತಪಾಸಣೆ, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ವಾರ್ಡು ಅದರ ಯೋಜನೆಯಲ್ಲಿವೆ. ಅಮೆರಿಕದಲ್ಲಿ 2017ರಿಂದ ಆಸ್ಪತ್ರೆಗಳು ವೃದ್ಧರ ವಿಷಯದಲ್ಲಿ ನಾಲ್ಕನ್ನು ವಿಚಾರಿಸುವ ಕ್ರಮವೊಂದು ಬೆಳೆದಿದೆ: ರೋಗಿಗೆ ಮುಖ್ಯವಾದುದು ಯಾವುದು, ಔಷಧಿಗಳು ಹೆಚ್ಚಾಗಿವೆಯೇ, ಮನಸ್ಸು ಹೇಗಿದೆ, ನಡೆದಾಡಲಾಗುತ್ತದೆಯೇ. ಇವು ಒಳ್ಳೆಯವೇ. ಆದರೆ ವೃದ್ಧರನ್ನು ಆಸ್ಪತ್ರೆಯ ಬಾಗಿಲಿಗೆ ಕರೆದೊಯ್ಯುವವರು, ವೈದ್ಯರ ಮಾತನ್ನು ಕೇಳಿಕೊಂಡು ಬರುವವರು ಯಾರು?

ಬಸದಿಗಳ ಟ್ರಸ್ಟುಗಳು ಇಲ್ಲಿ ಮುಂದಾಗಬೇಕು. ಔಷಧದಾನವೆಂದರೆ ಹಣ ಕೊಟ್ಟು ರಸೀದಿ ಪಡೆಯುವುದಷ್ಟೇ ಅಲ್ಲ. ಪೂಜೆಯ ಸರದಿಯಂತೆ ಸೇವೆಯ ಸರದಿಯನ್ನೂ ಬರೆದಿಡಲಿ. ಒಬ್ಬರು ವಾಹನದಲ್ಲಿ ಕರೆದೊಯ್ಯಲಿ, ಒಬ್ಬರು ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಲಿ, ಒಬ್ಬರು ರಾತ್ರಿ ಬಳಿಯಿದ್ದು ಆ ಸೊಸೆಗೆ ನಿದ್ರೆ ದೊರಕಿಸಲಿ. 48 ಮಂದಿ ನಮ್ಮ ಸಣ್ಣ ಊರುಗಳಲ್ಲಿ ಸಿಗಲಾರರು. ಎರಡನೆಯವರೊಬ್ಬರು ಖಂಡಿತ ಸಿಗುತ್ತಾರೆ.