ಉಳ್ಳಾಲದ ಮರಳಿನ ಲೆಕ್ಕ

ಉಳ್ಳಾಲವೆಂದೊಡನೆ ಪೋರ್ಚುಗೀಸರನ್ನೆದುರಿಸಿದ ರಾಣಿ ಅಬ್ಬಕ್ಕನ ನೆನಪಾಗುತ್ತದೆ. ಪ್ರಿಯ ವಾಚಕರೇ, ಅದೇ ತೀರದಲ್ಲಿ ನಮ್ಮ ಕಣ್ಣೆದುರೇ ನಡೆದಿರುವ ಇನ್ನೊಂದು ಚರಿತ್ರೆಯುಂದು; ಅದನ್ನು ಬರೆಯುತ್ತಿರುವುದು ಕಡಲು.

ನೇತ್ರಾವತಿ ಹಾಗೂ ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಯ ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ, ಮೊಗವೀರಪಟ್ಣ. ಮಂಗಳೂರಿನ ಹಳೆ ಬಂದರಿನಿಂದ ಹೊರಡುವ ಮೀನುಗಾರರಿಗೆ ಅಳಿವೆಯ ಮರಳದಿಣ್ಣೆಯೇ ಗಂಡಾಂತರ. ದೋಣಿಗಳಿಗೆ ಸುರಕ್ಷಿತ ದಾರಿಯಿರಲೆಂದು 1990ರ ದಶಕದಲ್ಲಿ ಅಳಿವೆಯ ಇಬ್ಬದಿಗೂ ಕಲ್ಲಿನ ಬ್ರೇಕ್‌ವಾಟರ್ ಕಟ್ಟಲಾಯಿತು. ಉದ್ದೇಶ ಒಳ್ಳೆಯದೇ ಆಗಿತ್ತು.

ಆದರೆ ಮರಳಿಗೂ ತನ್ನದೊಂದು ಸಂಚಾರವಿದೆ. ಮಳೆಗಾಲದ ತೆರೆಗಳು ದಡದ ಮರಳನ್ನು ಒಳಕ್ಕೆ ಸೆಳೆದೊಯ್ಯುತ್ತವೆ. ಮಳೆ ಕಳೆದ ಮೇಲೆ ಸೌಮ್ಯ ತೆರೆಗಳು ಮರಳಿ ತಂದೊಪ್ಪಿಸುತ್ತವೆ. ನದಿ ತನ್ನ ಪಾಲು ಸೇರಿಸುತ್ತದೆ. ಈ ಕೊಡುಕೊಳ್ಳುವಿಕೆಯ ನಡುವೆ ಗೋಡೆ ಬಂದಿತು. ಬೆಂಗ್ರೆಯ ದಡ ಬೆಳೆಯಿತು, ಉಳ್ಳಾಲದ್ದು ಕರಗಿತು. ತೆಂಗಿನ ಮರಗಳು, ಮನೆಗಳು ಕಡಲ ಪಾಲಾದವು. ಮರಳಿನ ಮೇಲೆ ಮನೆ ಕಟ್ಟಿದ ಮೂಢನ ಸಾಮತಿಯನ್ನು ಇವರಿಗೆ ಅನ್ವಯಿಸುವವರನ್ನು ಕೇಳಿದ್ದೇನೆ. ಅದು ಅನ್ಯಾಯ. ತಲೆಮಾರುಗಳ ಕಾಲ ಆ ಮರಳು ಇವರ ಮನೆಗಳನ್ನು ಹೊತ್ತಿತ್ತು.

ವರ್ಷವರ್ಷವೂ ಲಾರಿಗಳಲ್ಲಿ ಬಂಡೆಕಲ್ಲು ತಂದು ಸುರಿದದ್ದಾಯಿತು. ಕಲ್ಲಿಗೆ ಬಡಿದ ತೆರೆ ಅದರ ಬುಡದ ಮರಳನ್ನೇ ಅಗೆಯುವುದರಿಂದ ಬಂಡೆಗಳು ಕುಸಿದು ಹೂತುಹೋಗುತ್ತಿದ್ದವು. 2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಕರಾವಳಿ ರಕ್ಷಣೆಗೆ 25 ಕೋಟಿ ಡಾಲರುಗಳ ಸಾಲ ಯೋಜನೆಯನ್ನು ಮಂಜೂರು ಮಾಡಿತು. ಅದರಡಿ ಉಳ್ಳಾಲದಲ್ಲಿ ಬ್ರೇಕ್‌ವಾಟರ್ ದುರಸ್ತಿಯಾಯಿತು. ದಡದ ಬಳಿ ಕಲ್ಲಿನ ಬರ್ಮ್‌ಗಳೂ, ಕಡಲೊಳಗೆ ಎರಡು ಕೃತಕ ದಿಬ್ಬಗಳೂ ನಿರ್ಮಾಣವಾದವು. ತೆರೆಯನ್ನು ದಡದಲ್ಲಿ ತಡೆಯುವ ಬದಲು ದೂರದಲ್ಲೇ ಅದರ ಬಲ ಕುಗ್ಗಿಸಬೇಕೆಂಬುದು ಇಲ್ಲಿನ ತಿಳಿವಳಿಕೆ. ಕೆಲವೆಡೆ ದಡಕ್ಕೆ ಆಸರೆ ದೊರೆಯಿತು. ಆದರೆ 2022ರ ಮಳೆಗಾಲದಲ್ಲಿ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿಗಳಲ್ಲಿ ಕಡಲು ದಡವನ್ನು ಕೊರೆಯುತ್ತಿತ್ತು.

ಆಸ್ಟ್ರೇಲಿಯದ ಟ್ವೀಡ್ ನದಿಯ ಅಳಿವೆಯಲ್ಲೂ ಹೀಗೆಯೇ ಆಗಿತ್ತು. 1960ರ ದಶಕದಲ್ಲಿ ಅಲ್ಲಿನ ಗೋಡೆಗಳನ್ನು ಉದ್ದಗೊಳಿಸಿದಾಗ ಆಚೆಯ ಕಡಲತೀರಗಳು ಸವೆದವು. 2001ರಿಂದ ಒಂದು ಬದಿಯಲ್ಲಿ ತಡೆದುನಿಂತ ಮರಳನ್ನು ಪಂಪುಗಳ ಮೂಲಕ ಇನ್ನೊಂದು ಬದಿಗೆ ಸಾಗಿಸುತ್ತಿದ್ದಾರೆ. ಒಮ್ಮೆ ಕಟ್ಟಿ ಮುಗಿಸುವ ಕಾಮಗಾರಿಯಲ್ಲ ಅದು. ಗೋಡೆ ಇರುವಷ್ಟು ಕಾಲವೂ ಸಲ್ಲಿಸಬೇಕಾದ ಬಾಕಿ. ನಮ್ಮ ಅಳಿವೆಯ ಹೂಳೆತ್ತುವಾಗ ಮೇಲೆ ಬರುವ ಮರಳು ಯಾವ ದಡಕ್ಕೆ ಸಲ್ಲಬೇಕೆಂದು ಉಳ್ಳಾಲದವರು ಕೇಳಿದರೆ, ಅವರು ಕೇಳುವುದು ಭಿಕ್ಷೆಯನ್ನಲ್ಲ.