ಜ್ಞಾನತಂದೆಯ ಅಂಕಣ

ಕೆಲವು ವರ್ಷಗಳ ಹಿಂದೆ ದಕ್ಷಿಣ ಕನ್ನಡದಲ್ಲಿರುವ ನಮ್ಮ ತಾಯಿಯ ತವರುಮನೆಯನ್ನು ಕೆಡಹುವಾಗ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ದೊರೆಯಿತು. ಅದರಲ್ಲಿ ಒಂದು ಕಟ್ಟು ಚಾಲಗೇಣಿ ರಶೀದಿಗಳು, ಗೆದ್ದಲು ತಿಂದ ಜಪಪುಸ್ತಕ, ಶವಪೆಟ್ಟಿಗೆಯ ಸುತ್ತ ಮನೆಮಂದಿ ನಿಂತು ತೆಗೆಸಿಕೊಂಡ ಛಾಯಾಚಿತ್ರ ಹಾಗೂ ನಾಲ್ಕಾಗಿ ಮಡಿಸಿದ್ದ ದೀಕ್ಷಾಸ್ನಾನದ ಪ್ರಮಾಣಪತ್ರ ಇದ್ದವು. ಕುಟುಂಬದ ಚರಿತ್ರೆಯನ್ನು ಅಚ್ಚುಹಾಕಿಸಲು ಹೊರಟಿದ್ದ ಬಂಧುಗಳು, ಲ್ಯಾಟಿನ್ ಬಲ್ಲವರೆಂಬ ಕಾರಣಕ್ಕೆ ಪೆಟ್ಟಿಗೆಯನ್ನು ನಮ್ಮ ವಶಕ್ಕೆ ಕೊಟ್ಟರು.

ಕೆನರಾ ಕ್ರೈಸ್ತರ ಮನೆತನದ ಕಥೆಗಳಿಗೆ ಒಂದು ಸಿದ್ಧ ಅಚ್ಚು ಇದೆ: ಗೋವೆಯಿಂದ ವಲಸೆ, 1784ರಲ್ಲಿ ಟಿಪ್ಪುವಿನ ಸೆರೆ, 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಮರಳುವಿಕೆ. ಇದು ಸುಳ್ಳಲ್ಲ. ಆದರೆ ಆ ಸೆರೆಯ ಕಾಲದಲ್ಲಿ ಚರ್ಚುಗಳು ನೆಲಸಮವಾದುದರಿಂದ ಅದಕ್ಕೂ ಹಿಂದಿನ ಬರಹಗಳು ಬಹಳ ವಿರಳ. ಬರಹ ಇಲ್ಲದೆಡೆಯನ್ನು ನೆನಪು ತುಂಬುತ್ತದೆ. ನೆನಪಿಗೆ ಉನ್ನತ ಕುಲವೇ ಪ್ರಿಯ. ನಮ್ಮ ಪೂರ್ವಜರು ಆಳುಗಳಾಗಿದ್ದರು ಎಂದು ಹೆಮ್ಮೆಯಿಂದ ಹೇಳಿಕೊಂಡ ಮನೆತನವನ್ನು ನಾವಂತೂ ಇನ್ನೂ ಕಂಡಿಲ್ಲ.

ಪ್ರಮಾಣಪತ್ರವು ನಮ್ಮ ಮುತ್ತಜ್ಜನದು. ಅದರಲ್ಲಿ ತಾಯಿಯ ಹೆಸರಿತ್ತು. ತಂದೆಯ ಹೆಸರಿರಬೇಕಾದಲ್ಲಿ ‘ಅಜ್ಞಾತ’ ಎಂಬರ್ಥದ ಲ್ಯಾಟಿನ್ ಪದವಿತ್ತು. ನಕಲು ಮಾಡಿದವರು ತಪ್ಪಿರಬಹುದೆಂದು ಧರ್ಮಕೇಂದ್ರದ ಮೂಲ ಪುಸ್ತಕವನ್ನೇ ತೆರೆದು ನೋಡಿದೆವು. 1880ರ ದಶಕದ ಆ ಪುಟದಲ್ಲೂ ಅದೇ ಪದ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಮದುವೆಯ ಉಲ್ಲೇಖವಿತ್ತು. ದೀಕ್ಷಾಸ್ನಾನದ ಪುಸ್ತಕದಲ್ಲಿ ವಿವಾಹವನ್ನೂ ನಮೂದಿಸಬೇಕೆಂಬ ವಿಧಿ 1908ರಲ್ಲಿ ಜಾರಿಗೆ ಬಂದದ್ದರಿಂದಲೇ, ಆ ಮಗು ನಮ್ಮ ಮುತ್ತಜ್ಜನೇ ಎಂದು ನಿಶ್ಚಯಿಸಲು ಸಾಧ್ಯವಾಯಿತು. ಇಷ್ಟೇ ಆಗಿದ್ದರೆ ಪುಸ್ತಕ ಮುಚ್ಚಿ ಬರುತ್ತಿದ್ದೆವು. ಆದರೆ ಜ್ಞಾನತಂದೆಯ ಅಂಕಣದಲ್ಲಿದ್ದ ಮನೆತನದ ಹೆಸರು, ಇಂದು ನಮ್ಮ ಬಂಧುಗಳು ರಕ್ತದಿಂದ ಬಂದುದೆಂದು ಹೆಮ್ಮೆಪಡುವ ಹೆಸರೇ ಆಗಿತ್ತು.

ವಂಶಾವಳಿ ಹುಡುಕುವವರು ಈ ಅಂಕಣವನ್ನು ದಾಟಿಹೋಗುತ್ತಾರೆ. ಧರ್ಮಸಭೆಗೆ ಮಾತ್ರ ಅದು ಮುಖ್ಯವಾಗಿತ್ತು. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹಗಳ ಪುಸ್ತಕವನ್ನು ವಿಧಿಸಿದಾಗಲೇ, ಜ್ಞಾನತಂದೆ ತಾಯಿಯರ ಹೆಸರನ್ನೂ ಬರೆದಿಡಬೇಕೆಂದು ಆಜ್ಞಾಪಿಸಿತು. ಯಾರು ಯಾರಿಗೆ ಹುಟ್ಟಿದರೆಂಬ ಕುತೂಹಲ ಅದರ ಹಿಂದಿರಲಿಲ್ಲ. ಜ್ಞಾನಸಂಬಂಧವು ನಿಜವಾದ ಬಂಧುತ್ವವೆಂಬ ನಂಬಿಕೆಯಿತ್ತು. ಆದುದರಿಂದ ಜ್ಞಾನತಂದೆಯು ಮಗುವಿನ ತಾಯಿಯನ್ನೂ ವಿವಾಹವಾಗುವಂತಿರಲಿಲ್ಲ. ಈ ತಡೆಯನ್ನು 1917ರ ಸಂಹಿತೆ ಕಿರಿದುಗೊಳಿಸಿತು, 1983ರ ಸಂಹಿತೆ ಪೂರ್ತಿ ಕೈಬಿಟ್ಟಿತು. ತಡೆಯೊಡನೆ ಬಂಧುತ್ವದ ಅರಿವೂ ಕೈಬಿಟ್ಟುಹೋಯಿತೇನೋ! ಇಂದು ಜ್ಞಾನತಂದೆಯೆಂದರೆ ಚಿನ್ನದ ಸರ ಕೊಡುವವನು.

ನಮ್ಮ ಪೆಟ್ಟಿಗೆಯ ಜ್ಞಾನತಂದೆ ಚಿನ್ನ ಕೊಟ್ಟವನಲ್ಲ. ರಶೀದಿಗಳನ್ನು ವರ್ಷಾನುಕ್ರಮವಾಗಿ ಜೋಡಿಸಿದಾಗ ಮೊದಲಿನವು ಅವನ ಹೆಸರಿನಲ್ಲಿ, ಕಡೆಯವು ನಮ್ಮ ಮುತ್ತಜ್ಜನ ಹೆಸರಿನಲ್ಲಿ ಇದ್ದವು, ಗದ್ದೆ ಒಂದೇ. ಚಾಲಗೇಣಿಯೆಂದರೆ ಧಣಿಯು ಬಿಡಿಸಬಹುದಾದ ಒಕ್ಕಲುತನ, ಯಾವ ಭದ್ರತೆಯೂ ಇಲ್ಲದ್ದು. ಅಂಥ ಗದ್ದೆಯ ಗೇಣಿದಾರನೊಬ್ಬನು ತಂದೆಯಿಲ್ಲದ ಮಗುವಿಗೆ ಹೆಸರನ್ನೂ ಕೊಟ್ಟು, ಕೊನೆಗೆ ಗದ್ದೆಯನ್ನೂ ಬಿಟ್ಟುಕೊಟ್ಟಂತೆ ತೋರುತ್ತದೆ. ಛಾಯಾಚಿತ್ರದ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರುಗಳಿವೆ. ಮುತ್ತಜ್ಜನ ಶವದ ತಲೆಯ ಬಳಿ ನಿಂತ ಮುದುಕನು ಆ ಜ್ಞಾನತಂದೆಯ ಸ್ವಂತ ಮಗ. ಅವನ ಹೆಸರಿನ ಮುಂದೆ ಕೊಂಕಣಿಯಲ್ಲಿ ‘ಭಾವ್’, ಅಂದರೆ ಸಹೋದರ, ಎಂದಿದೆ.

ಇದನ್ನು ತಿಳಿಸಿದಾಗ ನಮ್ಮ ಹಿರಿಯ ಸೋದರಮಾವನವರು, “ಫಾದರ್, ಇದನ್ನು ಪುಸ್ತಕದಲ್ಲಿ ಹಾಕಬೇಡಿ. ಜನ ಏನೆಂದಾರು?” ಎಂದರು. ಅವರ ಅಳುಕನ್ನು ನಾವು ತಳ್ಳಿಹಾಕಲಾರೆವು. ತಂದೆತಾಯಿಯರ ಹೆಸರನ್ನು ಯಾವಾಗ ಬರೆಯಬಾರದೆಂದು 877ನೆಯ ವಿಧಿಯೇ ಎಚ್ಚರಿಕೆಯಿಂದ ಹೇಳುತ್ತದೆ. ದಾಖಲೆ ಪುಸ್ತಕದ ಬೀಗದ ಕೈ ಗುರುಗಳ ಕೈಯಲ್ಲಿರುವುದು ಮಾನ ಕಾಯುವುದಕ್ಕೆ. ಅದಾಗಿಯೂ ಮಾವನವರ ಮುಂದೆ ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯವನ್ನು ತೆರೆದಿಟ್ಟೆವು. ಅಬ್ರಹಾಮನಿಂದ ತಂದೆ-ಮಗ ಎಂದು ಸಾಗಿಬಂದ ಸಾಲು ಜೋಸೆಫನ ಬಳಿ ಬಂದಾಗ ವ್ಯಾಕರಣವೇ ಬದಲಾಗುತ್ತದೆ: ಅವನು ಯೇಸುವಿನ ಜನಕನೆಂದು ಬರೆದಿಲ್ಲ, ಮರಿಯಳ ಪತಿಯೆಂದು ಬರೆದಿದೆ. ಆದರೂ ಯೇಸು ದಾವೀದನ ವಂಶಜನಾದದ್ದು ಜೋಸೆಫನ ಮೂಲಕವೇ. ಮಗುವಿಗೆ ಹೆಸರಿಟ್ಟವನೂ ಅವನೇ.

ಮಾವನವರು ಬಹಳ ಹೊತ್ತು ಛಾಯಾಚಿತ್ರವನ್ನೇ ನೋಡುತ್ತಿದ್ದರು. ಆಮೇಲೆ, “ಆ ಜ್ಞಾನತಂದೆಯನ್ನು ಎಲ್ಲಿ ಹೂಳಿದ್ದಾರೆ?” ಎಂದು ಕೇಳಿದರು. ಮರಣದ ಪುಸ್ತಕದಲ್ಲಿ ಹುಡುಕಿದೆವು. ಅದೇ ಚರ್ಚಿನ ಸ್ಮಶಾನದಲ್ಲಿ. ಗುರುತಿನ ಕಲ್ಲು ಈಗ ಉಳಿದಿಲ್ಲ. ಕುಟುಂಬದ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ, ಮೊದಲ ಅಧ್ಯಾಯದ ಬಗ್ಗೆ ಬಂಧುಗಳಲ್ಲಿ ಒಮ್ಮತವಿಲ್ಲ. ಕಳೆದ ನವೆಂಬರ್ 2ರಂದು ಸಕಲ ಮೃತರ ಬಲಿಪೂಜೆಗೆಂದು ಮಾವನವರು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರ ಆ ಹೆಸರು ಎಲ್ಲಕ್ಕಿಂತ ಮೊದಲಿತ್ತು.